ಪಥ್ಯ ಎಂದುಕೊಂಡು ಅಮ್ಮನನ್ನು ಉಪವಾಸ ಕೆಡವಿದೆ

ಕಳೆದ ವಾರ ಆ ವಿಡಿಯೊ ನನ್ನ ಮೊಬೈಲ್‌ಗೆ ಮತ್ತೆ ಬಂತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಮ್ಮನಿಗೆ ಸ್ತನ ಕ್ಯಾನ್ಸರ್. ಮೊದಲ ಕೀಮೊ ಆದ ವಾರವೇ ಬಂಧುಗಳೊಬ್ಬರು ಕಳುಹಿಸಿದ್ದ ವಿಡಿಯೊ ಅದು: ಸಕ್ಕರೆ, ಹಾಲು, ಅನ್ನ ಬಿಟ್ಟರೆ ಗಡ್ಡೆ ಹಸಿದು ಸಾಯುತ್ತದಂತೆ. ನಾನು ನಂಬಿದೆ. ಅಂದಿನಿಂದ ಅಮ್ಮನಿಗೆ ಗೋಧಿಹುಲ್ಲಿನ ರಸ, ಹಸಿ ತರಕಾರಿ, ತೆಳ್ಳನೆಯ ಗಂಜಿ, ಇಷ್ಟೇ.

ಎರಡನೆಯ ಕೀಮೊ ನಂತರ ಅಮ್ಮನಿಗೆ ಏನು ತಿಂದರೂ ಬಾಯಲ್ಲಿ ತಾಮ್ರದ ಕಾಸು ಇಟ್ಟುಕೊಂಡ ಹಾಗೆ. ಒಗ್ಗರಣೆಯ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ಎರಡು ಗುಟುಕು ಕುಡಿದು, "ಸಾಕು ಕಣಮ್ಮ" ಎಂದು ಲೋಟ ಸರಿಸುತ್ತಿದ್ದಳು. ಅವಳು ಏನನ್ನೂ ಕೇಳುವುದಿಲ್ಲ, ಪಥ್ಯ ಸುಲಭವಾಯಿತು ಎಂದು ನಾನು ಸಮಾಧಾನಪಟ್ಟೆ. ಅದನ್ನು ನೆನೆದರೆ ಇಂದಿಗೂ ಎದೆ ಹಿಂಡುತ್ತದೆ.

ಎರಡು ತಿಂಗಳಲ್ಲಿ 52 ಕೆಜಿ ಇದ್ದವಳು 45ಕ್ಕೆ ಇಳಿದಳು. ಬಿಳಿ ರಕ್ತಕಣಗಳೂ ಕುಸಿದಿದ್ದವು. ಮುಂದಿನ ಕೀಮೊ ಮುಂದೂಡಿದರು. ಅಂಥ ಸ್ಥಿತಿಯಲ್ಲಿ ಸರಿಯಾಗಿ ತೊಳೆಯದ ಹಸಿ ಸೊಪ್ಪು, ತರಕಾರಿಯಿಂದ ಸೋಂಕು ತಗಲಬಹುದು ಎಂಬುದೂ ಆಗಲೇ ತಿಳಿದದ್ದು.

ಆಸ್ಪತ್ರೆಯ ಆಹಾರತಜ್ಞೆ ನನ್ನ ಪಟ್ಟಿ ಓದಿ ಲೆಕ್ಕ ಹಾಕಿದರು. ಇಂಥ ರೋಗಿಗೆ ದಿನಕ್ಕೆ ತೂಕದ ಪ್ರತಿ ಕೆಜಿಗೆ 1ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಅಮ್ಮನಿಗೆ ಕನಿಷ್ಠ 45 ಗ್ರಾಂ. ನಾನು ಕೊಡುತ್ತಿದ್ದುದರಲ್ಲಿ 15 ಗ್ರಾಂ ಕೂಡ ಇರಲಿಲ್ಲ. ಊಟ ನಿಂತರೆ ಗಡ್ಡೆ ಹಸಿಯುವುದಿಲ್ಲ. ದೇಹ ತನ್ನ ಮಾಂಸಖಂಡವನ್ನೇ ಕರಗಿಸಿ ಗ್ಲೂಕೋಸ್ ಮಾಡಿಕೊಳ್ಳುತ್ತದೆ. ಸೊರಗುವುದು ಮನುಷ್ಯ ಮಾತ್ರ.

ಈಗ ಮೂರು ಹೊತ್ತಿನ ಊಟದ ಬದಲು ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡುತ್ತೇನೆ. ತುಪ್ಪ ಹಾಕಿದ ಹೆಸರುಬೇಳೆ ಹುಗ್ಗಿಯನ್ನು ಬಿಸಿ ಆರಿದ ಮೇಲೆ ಬಡಿಸುತ್ತೇನೆ, ಆಗ ವಾಸನೆ ಅಷ್ಟು ಬಾಧಿಸುವುದಿಲ್ಲ. ಪೂರ್ತಿ ಬೇಯಿಸಿದ ಮೊಟ್ಟೆ, ಹಾಲಿನಲ್ಲಿ ಕಾಯಿಸಿದ ರಾಗಿ ಗಂಜಿ ಇರುತ್ತವೆ. ಸ್ಟೀಲ್ ಲೋಟ ಬದಲಿಸಿ ಗಾಜಿನದು ತಂದೆ. ವಾಂತಿ ತಡೆಯುವ ಮಾತ್ರೆಯನ್ನು "ಉಷ್ಣ" ಎಂದು ಬಿಟ್ಟಿದ್ದೆವು. ಅದನ್ನು ವೈದ್ಯರು ಹೇಳಿದ ಹೊತ್ತಿಗೇ ಕೊಡುತ್ತಿದ್ದೇನೆ. ತೂಕ 47ಕ್ಕೆ ಬಂದಿದೆ.

ಅಮ್ಮನಿಗೆ ಸಕ್ಕರೆ ಕಾಯಿಲೆ ಇಲ್ಲ. ಇರುವವರ ಲೆಕ್ಕ ಬೇರೆ, ಅದನ್ನು ಅವರ ವೈದ್ಯರಿಂದಲೇ ಕೇಳಿ. ಮನೆಯಲ್ಲೇ ವಾರಕ್ಕೊಮ್ಮೆ ತೂಕ ನೋಡಿ, ಇಳಿಯುತ್ತಿದ್ದರೆ ಮುಂದಿನ ಕೀಮೊ ದಿನದವರೆಗೆ ಕಾಯಬೇಡಿ. ಗುಟುಕು ನೀರೂ ಇಳಿಯದಿದ್ದರೆ ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಿ.