ತತೊಎಬ: ಕಲಿಯುವುದು ಜಪಾನಿ, ಬರೆಯುವುದು ಕನ್ನಡ

ಭಾಷೆ ಕಲಿಯುವವರ ಅಭ್ಯಾಸ ಇತರರಿಗೂ ಪ್ರಯೋಜನಕ್ಕೆ ಬರಲಿ ಎಂಬ ಆಲೋಚನೆಯನ್ನು ಮುಂದಿಟ್ಟುಕೊಂಡೇ 2012ರಲ್ಲಿ ಭಾಷೆ ಕಲಿಸುವ ತಾಣವಾದ ಡುಯೊಲಿಂಗೊ ಎಲ್ಲರಿಗೂ ತೆರೆದುಕೊಂಡಿತು. ಕಲಿಯುವವರಿಂದಲೇ ಜಾಲತಾಣಗಳ ಬರಹಗಳನ್ನು ಅನುವಾದ ಮಾಡಿಸುವುದು ಅದರ ಮೊದಲ ಉದ್ದೇಶವಾಗಿತ್ತು. ಕೆಲವು ವರ್ಷಗಳ ಬಳಿಕ ಆ ಅನುವಾದ ವಿಭಾಗ ಮುಚ್ಚಿಹೋಯಿತು. ಡುಯೊಲಿಂಗೊಗಿಂತ ಮೊದಲೇ, 2006ರಲ್ಲಿ, ಟ್ರಾಂಗ್ ಹೊ ಅವರು ಆರಂಭಿಸಿದ ತತೊಎಬ ಎಂಬ ವಾಕ್ಯಸಂಗ್ರಹದ ತಾಣ ಇಂದಿಗೂ ಉಚಿತವಾಗಿ ನಡೆಯುತ್ತಿದೆ. ಫ್ರಾನ್ಸಿನ ಲಾಭರಹಿತ ಸಂಘವೊಂದು ಅದನ್ನು ನೋಡಿಕೊಳ್ಳುತ್ತಿದೆ.

ಇಲ್ಲಿ ಪಾಠಗಳಿಲ್ಲ, ಪರೀಕ್ಷೆಗಳಿಲ್ಲ, ಅಂಕಗಳೂ ಇಲ್ಲ. ಇರುವುದು ನಾನೂರಕ್ಕೂ ಹೆಚ್ಚು ಭಾಷೆಗಳಿಗೆ ಸೇರಿದ ಒಂದು ಕೋಟಿಗೂ ಮಿಕ್ಕಿದ ವಾಕ್ಯಗಳು ಮತ್ತು ಅವುಗಳನ್ನು ಒಂದಕ್ಕೊಂದು ಬೆಸೆಯುವ ಅನುವಾದದ ಕೊಂಡಿಗಳು. ಆದುದರಿಂದ ಅಕ್ಷರಾಭ್ಯಾಸದ ಹಂತದಲ್ಲಿರುವವರಿಗೆ ಈ ತಾಣ ನಿರಾಸೆಯನ್ನೇ ಉಂಟುಮಾಡುತ್ತದೆ. ಜಪಾನಿಯ ಮೊದಲ ಲಿಪಿಗಳಾದ ಹಿರಗಾನ, ಕಾತಕಾನ ಮುಗಿಸಿ, ಒಂದು ಕ್ರಿಯಾಪದದ ಅರ್ಥ ಗೊತ್ತಿದ್ದರೂ ಅದನ್ನು ವಾಕ್ಯದಲ್ಲಿ ಯಾವ ಪ್ರತ್ಯಯದೊಂದಿಗೆ ಬಳಸಬೇಕೆಂದು ತಿಳಿಯದೆ ನಿಂತವರಿಗೆ ಮಾತ್ರ ಇದರ ಬೆಲೆ ಗೊತ್ತಾಗುತ್ತದೆ. ಪದವನ್ನು ಹುಡುಕಿದರೆ ಅದು ಹತ್ತಾರು ಸಂದರ್ಭಗಳಲ್ಲಿ ಬಳಕೆಯಾದ ರೀತಿ ಕಣ್ಣೆದುರಿಗೆ ಬರುತ್ತದೆ. ಧ್ವನಿಮುದ್ರಣವಿರುವ ವಾಕ್ಯಗಳನ್ನಷ್ಟೇ ಆರಿಸಿಕೊಳ್ಳುವ ಅನುಕೂಲವೂ ಇದೆ.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಬರೆಯುವವರಿಗೆ ತಾಣವು ಕೊಡುವ ಸಲಹೆ: ಕಲಿಯುತ್ತಿರುವ ಭಾಷೆಯಲ್ಲಿ ಬರೆಯಬೇಡಿ, ನಿಮ್ಮ ತಾಯ್ನುಡಿಯಲ್ಲಿ ಬರೆಯಿರಿ. ಜಪಾನಿ ಕಲಿಯುತ್ತಿರುವ ಕನ್ನಡಿಗರು ಜಪಾನಿ ವಾಕ್ಯವನ್ನು ಓದಿ, ಅರ್ಥ ಮಾಡಿಕೊಂಡು, ಅದಕ್ಕೆ ಸಹಜವಾದ ಕನ್ನಡ ವಾಕ್ಯವನ್ನು ಸೇರಿಸಬೇಕು. ಹೀಗೆ ಮಾಡುವಾಗ ಓದುಗರಿಗೆ ತಮ್ಮ ಗ್ರಹಿಕೆಯ ಪರೀಕ್ಷೆ ತಾನಾಗಿಯೇ ನಡೆಯುತ್ತದೆ. ತಾಣಕ್ಕೆ ಅರೆಬರೆ ಜಪಾನಿಯ ಬದಲು ಒಳ್ಳೆಯ ಕನ್ನಡ ಸಿಗುತ್ತದೆ. ಕನ್ನಡದ ಸಂಗ್ರಹವು ಜಪಾನಿಯ ಮುಂದೆ ತೀರ ಸಣ್ಣದಾಗಿರುವುದರಿಂದ ನಮ್ಮವರು ಸೇರಿಸುವ ಒಂದೊಂದು ವಾಕ್ಯಕ್ಕೂ ತೂಕವಿದೆ. ಕ್ರಿಯಾಪದ ಕೊನೆಗೆ ಬರುವುದು ಎರಡೂ ಭಾಷೆಗಳ ಜಾಯಮಾನವಾದ ಕಾರಣ, ಇಂಗ್ಲಿಷಿನ ನೆರವಿಲ್ಲದೆ ಜಪಾನಿಯಿಂದ ನೇರವಾಗಿ ಕನ್ನಡಕ್ಕೆ ಬರುವುದು ಹಲವು ಸಲ ಹೆಚ್ಚು ಸಲೀಸು.

ಗುಣಮಟ್ಟದ ವಿಷಯದಲ್ಲಿ ಎಚ್ಚರ ಬೇಕು. ಜಪಾನಿ-ಇಂಗ್ಲಿಷ್ ಜೋಡಿಗಳಲ್ಲಿ ದೊಡ್ಡ ಪಾಲು ತನಾಕಾ ಸಂಗ್ರಹದಿಂದ ಬಂದದ್ದು. ಪ್ರಾಧ್ಯಾಪಕ ಯಸುಹಿತೊ ತನಾಕಾ ಅವರು ತಮ್ಮ ವಿದ್ಯಾರ್ಥಿಗಳಿಗೆ ತಲಾ 300 ಜೋಡಿಗಳನ್ನು ಕಲೆಹಾಕುವ ಕೆಲಸ ಕೊಟ್ಟು, ಹಲವು ವರ್ಷಗಳಲ್ಲಿ ಎರಡು ಲಕ್ಷಕ್ಕೂ ಮೀರಿ ಕೂಡಿಸಿದ ಈ ಸಂಗ್ರಹ 2001ರಲ್ಲಿ ಸಾರ್ವಜನಿಕರ ಸ್ವತ್ತಾಯಿತು. ವಿದ್ಯಾರ್ಥಿಗಳು ಮಾಡಿದ ತಪ್ಪುಗಳೂ ಜೊತೆಗೇ ಬಂದವು. ಎಷ್ಟೋ ತಿದ್ದಲಾಗಿದ್ದರೂ ಕೃತಕವೆನಿಸುವ ವಾಕ್ಯಗಳು ಇನ್ನೂ ಉಳಿದಿವೆ. ಹೀಗಾಗಿ ವಾಕ್ಯದ ಒಡೆಯರು ಯಾರು, ಅದು ಅವರ ತಾಯ್ನುಡಿಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಕಾಂಜಿಯ (ಚೀನಾ ಮೂಲದ ಅಕ್ಷರಗಳ) ಮೇಲೆ ಉಚ್ಚಾರಣೆ ತಿಳಿಸಲು ಕಾಣುವ ಸಣ್ಣಕ್ಷರಗಳಾದ ಫುರಿಗಾನವನ್ನು ಮೊದಲು ಯಂತ್ರವೇ ಬರೆಯುವುದರಿಂದ ಅದನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಇಂಗ್ಲಿಷ್ ವಾಕ್ಯಗಳಲ್ಲಿ ಟಾಮ್ ಮತ್ತು ಮೇರಿ ಎಂಬಿಬ್ಬರು ಎಡತಾಕುವುದಂತೂ ಇಷ್ಟಿಷ್ಟಲ್ಲ. ಸ್ವಲ್ಪ ದಿನಕ್ಕೆ ಟಾಮನ ಸಂಸಾರದ ಕಷ್ಟಸುಖವೆಲ್ಲ ನಮಗೆ ಬಾಯಿಪಾಠವಾಗಿರುತ್ತದೆ.

ನೇರ ಅನುವಾದಗಳ ಕೆಳಗೆ ‘ಅನುವಾದದ ಅನುವಾದ’ಗಳೂ ಕಾಣಿಸುತ್ತವೆ. ಜಪಾನಿಯಲ್ಲಿ ಹಿರಿಯರೊಂದಿಗೆ ಆಡುವ ಮಾತಿನ ಮರ್ಯಾದೆ ಇಂಗ್ಲಿಷಿನ ಮೂಲಕ ಹಾದು ಕನ್ನಡಕ್ಕೆ ಬರುವಾಗ ಏಕವಚನಕ್ಕೆ ಇಳಿದುಬಿಡಬಹುದು. ಇಂಥಲ್ಲಿ ಮತ್ತೊಂದು ಕನ್ನಡ ವಾಕ್ಯವನ್ನು ನೇರವಾಗಿ ಜಪಾನಿಗೆ ಜೋಡಿಸುವುದಕ್ಕೆ ಅಡ್ಡಿಯಿಲ್ಲ, ಏಕೆಂದರೆ ಒಂದು ವಾಕ್ಯಕ್ಕೆ ಒಂದೇ ಭಾಷೆಯಲ್ಲಿ ಹಲವು ಅನುವಾದಗಳಿರಬಹುದು.

ಹೀಗೆ ಬರೆದ ವಾಕ್ಯಗಳು ತಾಣದೊಳಗೇ ಉಳಿಯುವುದಿಲ್ಲ. ಬಹುತೇಕ ವಾಕ್ಯಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಇರುವುದರಿಂದ, ಮೂಲವನ್ನು ಹೆಸರಿಸಿದರೆ ಯಾರು ಬೇಕಾದರೂ ಬಳಸಬಹುದು. ಲಾಭಕ್ಕಾಗಿ ದುಡಿಯುವ ಕಂಪನಿಗಳಿಗೂ ಈ ಅವಕಾಶವಿದೆ ಎಂಬುದನ್ನು ಬರೆಯುವವರು ತಿಳಿದಿರಬೇಕು. ಜಿಶೊ ಎಂಬ ಜಪಾನಿ ನಿಘಂಟಿನ ಉದಾಹರಣೆಗಳು ಇಲ್ಲಿಂದಲೇ ಹೋಗುತ್ತವೆ. ಹೆಲ್ಸಿಂಕಿ ವಿಶ್ವವಿದ್ಯಾಲಯದ ಯಂತ್ರಾನುವಾದ ಸಂಶೋಧಕರೂ ಈ ಸಂಗ್ರಹವನ್ನು ಬಳಸಿದ್ದಾರೆ. ವಾಕ್ಯಗಳನ್ನು ಇಳಿಸಿಕೊಂಡು, ಕಾರ್ಡುಗಳ ಮೂಲಕ ನೆನಪು ಮಾಡಿಸುವ ಆಂಕಿ ತಂತ್ರಾಂಶದಲ್ಲಿ ಹಾಕಿಕೊಂಡರೆ ಪುನರಾವರ್ತನೆಗೂ ಅನುಕೂಲ. ಧ್ವನಿಮುದ್ರಣಗಳಿಗೆ ಮಾತ್ರ ಪರವಾನಗಿಯನ್ನು ದನಿ ಕೊಟ್ಟವರೇ ನಿರ್ಧರಿಸುವುದರಿಂದ, ಅವುಗಳನ್ನು ಸೇರಿಸಿ ಮಾಡಿದ ಕಾರ್ಡುಗಳನ್ನು ಗೆಳೆಯರಿಗೆ ಹಂಚುವ ಮುನ್ನ ಆ ವಿವರವನ್ನು ಒಮ್ಮೆ ಓದಿಕೊಳ್ಳಬೇಕು.