ಸಿಒಪಿಡಿಗೆ ಯಾವುದು: ಸ್ಪ್ರೇ, ಪುಡಿ ಇನ್‌ಹೇಲರ್, ನೆಬ್ಯುಲೈಸರ್?

ವರ್ಷಗಟ್ಟಲೆ ಸಿಗರೇಟು, ಸೌದೆ ಒಲೆಯ ಹೊಗೆ ಅಥವಾ ಕೆಲಸದ ಜಾಗದ ಧೂಳು ಕುಡಿದ ಶ್ವಾಸಕೋಶದಲ್ಲಿ ಗಾಳಿಯ ದಾರಿ ಕಿರಿದಾಗುತ್ತದೆ. ಕೆಮ್ಮು, ಕಫ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಈ ದೀರ್ಘಕಾಲದ ಶ್ವಾಸಕೋಶ ಕಾಯಿಲೆಯೇ ಸಿಒಪಿಡಿ. ಸ್ಪೈರೋಮೆಟ್ರಿಯಲ್ಲಿ (ಊದಿಸಿ ಉಸಿರಿನ ಬಲ ಅಳೆಯುವ ಪರೀಕ್ಷೆ) ಅದು ಖಚಿತವಾದ ಮೇಲೆ ಔಷಧಿಯಷ್ಟೇ ಮುಖ್ಯ, ಅದು ಒಳಗೆ ಹೋಗುವ ಬಗೆ.

ಸ್ಪ್ರೇ ಇನ್‌ಹೇಲರ್‌ನಲ್ಲಿ ಒತ್ತುವುದೂ ಉಸಿರೆಳೆಯುವುದೂ ಒಟ್ಟಿಗೆ ಆಗಬೇಕು, ಅದೂ ನಿಧಾನವಾಗಿ. ಬಹಳ ಜನ ಎಡವುವುದು ಇಲ್ಲೇ. ಔಷಧಿ ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತದೆ. ಅದರ ಬಾಯಿಗೆ ಸ್ಪೇಸರ್ ಎಂಬ ಟೊಳ್ಳು ಕೊಳವೆ ಜೋಡಿಸಿದರೆ ಈ ತಾಪತ್ರಯ ಬಹುಪಾಲು ತಪ್ಪುತ್ತದೆ. (ಚೀಲದಲ್ಲಿ ಜಾಗ ತಿನ್ನುತ್ತದೆ ಎಂದು ಅದನ್ನು ಮನೆಯಲ್ಲೇ ಬಿಟ್ಟು ಹೋಗುವವರೇ ಹೆಚ್ಚು!) ಪುಡಿ ಇನ್‌ಹೇಲರ್‌ಗೆ ಆ ಹೊಂದಾಣಿಕೆ ಬೇಡ, ಆದರೆ ಜೋರಾಗಿ, ಆಳವಾಗಿ ಎಳೆಯುವ ಶಕ್ತಿ ಬೇಕು. ತೀರಾ ಸೋತ ಉಸಿರಿಗೆ ಅದು ಒಗ್ಗದು.

ನೆಬ್ಯುಲೈಸರ್‌ಗೆ (ದ್ರವ ಔಷಧಿಯನ್ನು ಮಂಜಿನಂತೆ ಮಾಡಿ ಕೊಡುವ ಯಂತ್ರ) ಮಾಮೂಲಿ ಉಸಿರಾಟ ಸಾಕು. ಕೈ ನಡುಗುವವರಿಗೆ, ಹೇಳಿಕೊಟ್ಟಿದ್ದು ನೆನಪಿನಲ್ಲಿ ನಿಲ್ಲದವರಿಗೆ ಇದೇ ಅನುಕೂಲ. ಒಂದು ಸಲಕ್ಕೆ ಸುಮಾರು 10 ನಿಮಿಷ ಬೇಕು, ತೊಳೆದು ಒಣಗಿಸುವ ಕೆಲಸ ಬೇರೆ.

ಯಂತ್ರ ದೊಡ್ಡದಾದ ಮಾತ್ರಕ್ಕೆ ಗುಣ ಹೆಚ್ಚಲ್ಲ. ಸರಿಯಾಗಿ ಬಳಸಿದ ಸ್ಪ್ರೇ, ಸ್ಪೇಸರ್ ಜೋಡಿ ಸಾಮಾನ್ಯವಾಗಿ ಅದಕ್ಕೆ ಸಾಟಿ. ಹಾಗಾಗಿ ವೈದ್ಯರ ಬಳಿ ಮೊದಲು ಕೇಳಬೇಕಾದ್ದು ಸ್ಪೇಸರ್ ಎಂಬುದು ನನ್ನ ಮತ. ಔಷಧಿಯಲ್ಲಿ ಸ್ಟೀರಾಯ್ಡ್ ಇದ್ದರೆ, ಸಾಧನ ಯಾವುದಾದರೂ ಬಳಿಕ ಬಾಯಿ ಮುಕ್ಕಳಿಸಿ ಉಗುಳಬೇಕು.