ಆಯ್ಕೆಯಿಲ್ಲದ ಕಮ್ಯುನಿಸಂ, ಓಟಿನ ಕಮ್ಯುನಿಸಂ, ಇಂದಿನ ಜರ್ಮನಿ: ಯಾರಿಗೆ ಯಾವುದು?

ಮಂಜೇಶ್ವರದ ತಮ್ಮ ಕೇಳಿದ್ದಾನೆ: "ಅಣ್ಣ, ಬರ್ಲಿನ್‌ನಲ್ಲಿದ್ದೀಯಲ್ಲ, ಕಮ್ಯುನಿಸಂ ಒಳ್ಳೆಯದಾ, ಅಲ್ಲಿಯ ಈಗಿನ ವ್ಯವಸ್ಥೆ ಒಳ್ಳೆಯದಾ?" ಕಮ್ಯುನಿಸಂ ಒಂದೇ ಬಗೆಯದಲ್ಲ ಮಾರಾಯ. ಹಳೆಯ ಪೂರ್ವ ಜರ್ಮನಿಯದು ಬೇರೆ, 1957ರಲ್ಲಿ ಓಟಿನಿಂದ ಬಂದ ಕೇರಳದ್ದು ಬೇರೆ.

ಹೊಟ್ಟೆಪಾಡು ನೋಡು. ಪೂರ್ವ ಜರ್ಮನಿಯಲ್ಲಿ ಕೆಲಸ ಖಾತ್ರಿ, ಬಾಡಿಗೆ ಅಗ್ಗ. ಟ್ರಬಾಂಟ್ ಕಾರಿಗೆ ಮಾತ್ರ ಹತ್ತು ವರ್ಷಕ್ಕಿಂತ ಜಾಸ್ತಿ ಕಾಯಬೇಕಿತ್ತು. ಕೇರಳದಲ್ಲಿ 1970ರ ಭೂಸುಧಾರಣೆ ಗೇಣಿದಾರರಿಗೆ ಭೂಮಿ ಕೊಟ್ಟಿತು. ಸಂಬಳಕ್ಕೆ ಜನ ಗಲ್ಫಿಗೇ ಹೋದರು. ಈಗಿನ ಜರ್ಮನಿಯಲ್ಲಿ ತೆರಿಗೆ, ವಿಮೆ ಅಂತ ಸಂಬಳದಲ್ಲಿ ಚೆನ್ನಾಗಿಯೇ ಕತ್ತರಿಸುತ್ತಾರೆ. ಆದರೆ ಆಸ್ಪತ್ರೆ ಬಿಲ್ಲಿನ ಹೆದರಿಕೆ ಇಲ್ಲ.

ಬಾಯಿ ಬಿಡುವ ಹಕ್ಕು ನನಗೆ ಎಲ್ಲಕ್ಕಿಂತ ದೊಡ್ಡದು. 2017ರಲ್ಲಿ ಕೇರಳದ ಎಡ ಸರ್ಕಾರ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡಿದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ಪೂರ್ವ ಜರ್ಮನಿಯಲ್ಲಾದರೆ ಗುಪ್ತ ಪೊಲೀಸರು ಫೈಲು ತೆರೆಯುತ್ತಿದ್ದರು. 1961ರಲ್ಲಿ ಬರ್ಲಿನ್ ಗೋಡೆ ಕಟ್ಟಿದ್ದೇ ಜನ ಓಡಿಹೋಗಬಾರದೆಂದು, ಅಲ್ವಾ? ಇಲ್ಲಿ ಈಗ ಪ್ರತಿಭಟಿಸಬಹುದು. ಪೌರತ್ವ ಸಿಗುವವರೆಗೆ ನನ್ನಂಥವರಿಗೆ ಸಂಸತ್ತಿನ ಚುನಾವಣೆಯಲ್ಲಿ ಓಟು ಮಾತ್ರ ಇಲ್ಲ.

ಗೇಣಿ ಒಕ್ಕಲಿನ ಮನೆಯವರಿಗೆ ಕೇರಳದ ದಾರಿ ಹಿತ. ಕಾಯಿಲೆಯ ಖರ್ಚಿಗೆ ಹೆದರುವವರಿಗೆ ಈಗಿನ ಜರ್ಮನಿಯದು. ಕೆಲಸವೊಂದಿದ್ದರೆ ಸಾಕು, ಸುಮ್ನೆ ಇರುತ್ತೇನೆ ಅನ್ನುವವನಿಗೆ ಪೂರ್ವ ಜರ್ಮನಿಯೂ ನಡೆಯುತ್ತಿತ್ತೇನೋ. ನಿನ್ನ ಬಾಯಿಗಂತೂ ಆಗಿಬರುತ್ತಿರಲಿಲ್ಲ.